ಆರಿದ ರೊಟ್ಟಿಯ ಸದ್ದು

ಎದುರು ಮನೆಯ ವೈನಿ ಹೋದ ತಿಂಗಳು ವಿಷಮಜ್ವರದಲ್ಲಿ ತೀರಿಕೊಂಡರು. ವೈನಿ ಅಂದರೆ ಅತ್ತಿಗೆ; ನಾನು ಕರೆಯುತ್ತಿದ್ದುದು ಹಾಗೆ, ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ವಳಸಂಗದ ಅರ್ಧ ಜನಕ್ಕೆ ಗುರುತು ಹತ್ತಲಿಕ್ಕಿಲ್ಲ. ಊರಿಗೆ ಅವರು ಮೊದಲು ಕಾಳುಕಡಿ ಮಾರುವ ಅಡತಿ ಅಂಗಡಿಯವರ ಸೊಸೆ, ಆಮೇಲೆ "ಗೋದಿ ಬಿಟ್ಟ ಮನಿಯಾಕಿ". ಹೆಸರು ಹಿಡಿದು ಕರೆಯುತ್ತಿದ್ದವರು ತವರಿನವರು ಮಾತ್ರ.

ನಾನು ಸಾಂಗಲಿಯ ಕಾಲೇಜಿನಲ್ಲಿ ವಾದ ಮಾಡುವುದನ್ನು ಕಲಿತವನು. ಇಂದು ಒಂದು ಪಕ್ಷ, ನಾಳೆ ಅದರ ಎದುರು ಪಕ್ಷ, ಎರಡರಲ್ಲೂ ಬಹುಮಾನ ತಂದವನು. ದೇವರಿದ್ದಾನೆ ಎಂದವರನ್ನು ಪುರಾವೆ ಕೇಳುತ್ತೇನೆ. ಇಲ್ಲ ಎಂದವರನ್ನೂ ಕೇಳುತ್ತೇನೆ. ರಜೆಯಲ್ಲಿ ಊರಿಗೆ ಬಂದರೆ ನನ್ನ ಜೊತೆ ಕಟ್ಟೆಯ ಮೇಲೆ ಕೂರಲು ಗೆಳೆಯರೇ ಹಿಂಜರಿಯುತ್ತಿದ್ದರು. ಹಿಂಜರಿಯದವರು ವೈನಿ ಒಬ್ಬರೇ. ನನ್ನನ್ನು ಅವರು ಕರೆಯುತ್ತಿದ್ದುದೇ "ವಕೀಲರ" ಎಂದು.

"ಊಟ ಬಲ್ಲವಗ ರೋಗಿಲ್ಲ, ಮಾತು ಬಲ್ಲವಗ ಜಗಳಿಲ್ಲ ಅಂತಾರ. ನಮ್ಮ ವಕೀಲರಿಗಿ ಮಾತು ಬಂದಷ್ಟೂ ಜಗಳ ಹೆಚ್ಚಾಗ್ಯಾವ ನೋಡ್ರಿ" ಎಂದು ನಮ್ಮ ಅವ್ವನ ಮುಂದೆ ನನ್ನನ್ನು ಆಡಿಕೊಳ್ಳುತ್ತಿದ್ದರು.

ಗಾದೆಯ ಮೊದಲ ಅರ್ಧವೂ ಸುಳ್ಳೇ ಎಂದು ನಾನು ಎದುರು ಹೇಳಬಹುದಿತ್ತು. ಅವರಷ್ಟು ಊಟ ಬಲ್ಲವರು ನಮ್ಮ ಓಣಿಯಲ್ಲಿ ಇರಲಿಲ್ಲ. ಅವರ ಮನೆಯಷ್ಟು ರೋಗ ಕಂಡ ಮನೆಯೂ ಇರಲಿಲ್ಲ. ಇದೊಂದನ್ನು ಮಾತ್ರ ನಾನು ಎಂದೂ ಬಾಯಿ ಬಿಟ್ಟು ಆಡಲಿಲ್ಲ.

ಅವರಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿ ಹೋಗಿದ್ದರು. ಇಬ್ಬರದೂ ಒಂದೇ ತೆರ. ಹಲ್ಲು ಬರುವ ತನಕ ಗುಂಡುಗುಂಡಗೆ ಇದ್ದ ಕೂಸು ಆಮೇಲೆ ಬಾಡತೊಡಗುವುದು. ಹೊಟ್ಟೆ ಡೊಳ್ಳಿನಂತೆ ಉಬ್ಬುವುದು, ಕೈಕಾಲು ಜೋಳದ ದಂಟಿನಂತೆ ಒಣಗುವುದು, ಭೇದಿ ನಿಲ್ಲದೇ ನಿಲ್ಲದೇ ಕಡೆಗೆ ಕೂಸೇ ನಿಲ್ಲುವುದು. ಮೂರನೆಯವಳು ಹೆಣ್ಣು. ಅವಳಿಗೂ ಹಲ್ಲು ಬಂದವು. ಅವಳ ಹೊಟ್ಟೆಯೂ ಉಬ್ಬತೊಡಗಿತು.

ಇಲ್ಲಿ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಜತ್ತದ ಸೀಮೆಯಲ್ಲಿ ಜೋಳ ಅಂದರೆ ದುಡಿಯುವವರ ಊಟ. ಗೋದಿ ಅಂದರೆ ಹಬ್ಬ, ಅಳಿಯ, ಬಾಣಂತಿ ಮತ್ತು ರೋಗಿ. ಜೋಳ ಜಡ, ಗೋದಿ ಹಗುರ ಎಂಬುದನ್ನು ಇಲ್ಲಿ ಯಾರೂ ಪ್ರಶ್ನಿಸಿಲ್ಲ, ನಾನೂ ಪ್ರಶ್ನಿಸಿರಲಿಲ್ಲ. ಜ್ವರ ಬಿಟ್ಟವನಿಗೆ ಗೋದಿ ರವೆಯ ಗಂಜಿ, ಕೂಸಿಗೆ ಹಾಲಲ್ಲಿ ನೆನೆಸಿದ ಚಪಾತಿ, ಹೊಟ್ಟೆ ಕೆಟ್ಟರೆ ಶ್ಯಾವಿಗೆ ಬೇಯಿಸಿದ ತಿಳಿ. ದರಿಬಡಚಿ ಕಡೆಯ ಕುರಿಗಾರರ ಮಕ್ಕಳು ನುಚ್ಚು ಮಜ್ಜಿಗೆ ಕುಡಿದು ಕಲ್ಲಿನಂತೆ ಬೆಳೆಯುತ್ತಿದ್ದವು. ಅಡತಿ ಅಂಗಡಿಯ ಮಕ್ಕಳಿಗೆ ಮಾತ್ರ ದಿನವೂ ಗೋದಿ, ಅದೂ ತುಪ್ಪ ಹಾಕಿ. ಕೂಸು ಸೊರಗಿದಷ್ಟೂ ಗೋದಿ ಹೆಚ್ಚಿತು. ಗೋದಿ ಹೆಚ್ಚಿದಷ್ಟೂ ಕೂಸು ಸೊರಗಿತು. ಊರು ಇದಕ್ಕೆ ದೃಷ್ಟಿ ಎಂದಿತು.

ಮಿರಜಿಯ ಒಬ್ಬ ಡಾಕ್ಟರು ಪರದೇಶದಲ್ಲಿ ಕಲಿತು ಬಂದವರು. ಹುಡುಗಿಯ ಹೊಟ್ಟೆ ತಟ್ಟಿ ನೋಡಿದರು, ಸತ್ತ ಇಬ್ಬರ ಸುದ್ದಿ ಕೇಳಿದರು, ಮತ್ತೆ ಮತ್ತೆ "ಏನು ಉಣಿಸುತ್ತೀರಿ?" ಎಂದೇ ಕೇಳಿದರಂತೆ. ಕಡೆಗೆ, ಗೋದಿ ಬಂದ್ ಮಾಡಿ ಎಂದರು. ಗೋದಿಯ ಹಿಟ್ಟಿನಲ್ಲಿ ಒಂದು ಜಿಗಿ ಇರುತ್ತದೆ, ಕೆಲವು ಮಕ್ಕಳ ಕರುಳಿಗೆ ಅದು ಆಗುವುದಿಲ್ಲ, ವಿಲಾಯತಿಯಲ್ಲಿ ಈಗೀಗ ಹೀಗೆ ಹೇಳುತ್ತಿದ್ದಾರೆ, ಒಂದು ಚೂರು ಕೂಡ ಬೇಡ.

ಆ ಸಂಕ್ರಾಂತಿಗೆ ನಾನು ಊರಿಗೆ ಬಂದಾಗ ವೈನಿ ಅಂಗಳದಲ್ಲಿ ಗೋದಿಯ ಡಬ್ಬಿಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ಸಂಗತಿ ಹೇಳಿದರು. ನನಗೆ ತಡೆಯಲಾಗಲಿಲ್ಲ.

"ವೈನಿ, ಪಂಜಾಬದ ಮಂದಿ ಹುಟ್ಟಿದಾಗಿಂದ ಗೋದಿನ ತಿಂತಾರ. ಅವರೇನು ಸತ್ತು ಹೋಗ್ಯಾರೇನು?"

"ಅವರ ಹೊಟ್ಟಿ ಪಂಜಾಬದಾಗ ಐತಿ. ಈ ಹೊಟ್ಟಿ ನನ್ನ ಮಡಿಲಾಗ ಐತಿ."

"ಜಿಗಿ ಅಂದ್ರ ಏನ್ರಿ? ಕಣ್ಣಿಗಿ ಕಾಣೂದಿದ್ರ ತೋರಸ್ರಿ."

ವೈನಿ ಡಬ್ಬಿಯ ತಳದಲ್ಲಿ ಉಳಿದಿದ್ದ ಒಂದಿಷ್ಟು ಕಾಳು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಅವರು ಅಷ್ಟು ಹೊತ್ತು ಮಾತಿಲ್ಲದೆ ಇದ್ದುದನ್ನು ನಾನು ಕಂಡದ್ದು ಅದೇ ಮೊದಲು. ಹಿಟ್ಟೆಲ್ಲ ನುಂಗಿ ಹೋದ ಮೇಲೆ ಉಳಿದ ಅಂಟನ್ನು ಬೆರಳಿನಿಂದ ತೆಗೆದು ನನ್ನ ಅಂಗೈಗೆ ಒತ್ತಿದರು. ಚಿಕ್ಕವರಿದ್ದಾಗ ನಾವೆಲ್ಲ ಮಾಡುತ್ತಿದ್ದ ಆಟವೇ ಅದು. ಆ ಅಂಟಿನಿಂದ ಹರಿದ ಗಾಳಿಪಟ ಹಚ್ಚುತ್ತಿದ್ದೆವು.

"ಇದ ನೋಡ್ರಿ ಜಿಗಿ. ತೊಳೀರಿ ಬೇಕಾದ್ರ. ಹೋಗೂದಿಲ್ಲ."

ತೊಳೆದೆ. ಹೋಗಲಿಲ್ಲ. ಆದರೂ ವಾದ ಬಿಡಲಿಲ್ಲ. "ಅಂಟು ಐತಿ ಅಂತ ತೋರಿಸಿದ್ರಿ ವೈನಿ. ಅಂಟಿನಿಂದನ ರೋಗ ಅಂತ ತೋರಿಸಲಿಲ್ಲ."

"ಅದನ್ನ ಯಾರ ಹೊಟ್ಟ್ಯಾಗ ತೋರಿಸ್ಲಿ? ನೀವ ಹೇಳ್ರಿ."

ಹುಡುಗಿ ಕಂಬಕ್ಕೆ ಒರಗಿ ಕೂತಿದ್ದಳು. ಕುಂಡೆಯ ಮಾಂಸ ಕರಗಿ ತೊಗಲು ಮಡಿಕೆ ಬಿದ್ದಿತ್ತು. ಆಡುವ ಮನಸ್ಸೂ ಇಲ್ಲ, ಅಳುವ ಶಕ್ತಿಯೂ ಇಲ್ಲ. ನಾನು ನನ್ನ ಪ್ರಶ್ನೆಯನ್ನು ಅಲ್ಲಿಯೇ ಇಟ್ಟು ಎದ್ದು ಬಂದೆ. ಪ್ರಶ್ನೆ ತಪ್ಪೆಂದು ಅಲ್ಲ. ಅದು ಇವತ್ತಿಗೂ ಸರಿಯಾದ ಪ್ರಶ್ನೆಯೇ.

ಆವತ್ತಿನಿಂದ ಆ ಮನೆಯಲ್ಲಿ ಅಡುಗೆ ಎನ್ನುವುದು ಕಾವಲು ಆಯಿತು. ಬೆಳಿಗ್ಗೆ ಎದ್ದವರೇ ಮೂರು ಹೊತ್ತಿನದೂ ಯೋಚಿಸಿ ಮುಗಿಸುವರು. ಹುಡುಗಿಗೆ ಮೊದಮೊದಲು ಜೋಳದ ಅಂಬಲಿಯ ತಿಳಿ, ಬಾಳೆಹಣ್ಣು. ಅದು ದಕ್ಕಿದ ಮೇಲೆ ನವಣೆಯ ಅನ್ನ, ಹೆಸರಿನ ಕಟ್ಟು. ಆಮೇಲೆ ನುಚ್ಚು, ಮಜ್ಜಿಗೆಯಲ್ಲಿ ಹಿಸುಕಿದ ರೊಟ್ಟಿ. ಹಬ್ಬಗಳನ್ನು ಅವರು ದೇವರ ಹೆಸರಿನಿಂದ ಗುರುತಿಸುವುದನ್ನೇ ಬಿಟ್ಟರು. ಸಂಕ್ರಾಂತಿ ಚಲೋ ಹಬ್ಬ, ಯಾಕೆಂದರೆ ಸಜ್ಜೆಯ ರೊಟ್ಟಿ. ಪಂಚಮಿ ಅದಕ್ಕಿಂತ ಚಲೋ, ಅರಳು ಮತ್ತು ಎಳ್ಳುಂಡಿ. ಯುಗಾದಿ ಮತ್ತು ಹೋಳಿ ವೈರಿಗಳು, ಎರಡರಲ್ಲೂ ಹೋಳಿಗೆ. ಅಂಗಡಿಯ ಇಂಗಿಗೆ ಗೋದಿ ಹಿಟ್ಟು ಬೆರೆಸುತ್ತಾರೆಂದು ಗಂಡನ ಬಾಯಿಂದ ಒಮ್ಮೆ ಬಂದುಬಿಟ್ಟಿತು; ಮರುದಿನದಿಂದ ಆ ಮನೆಯ ಒಗ್ಗರಣೆಗೆ ಇಂಗಿಲ್ಲ.

"ನೀವು ಮಂದಿಗಿ ಮಾರೂ ಇಂಗಿನ ಗುಟ್ಟು ಮನ್ಯಾಗ ಯಾಕ ಹೇಳಿದ್ರಿ?" ಎಂದು ನಾನು ಅಣ್ಣನನ್ನು ಕೆಣಕಿದೆ. ವೈನಿಯ ಗಂಡನನ್ನು ನಾನು ಅಣ್ಣ ಎನ್ನುತ್ತಿದ್ದೆ.

"ಈಕಿ ಹಂಗ ನೋಡ್ತಾಳಪಾ. ಹಂಗ ನೋಡಿದ್ರ ಪೋಲೀಸರ ಮುಂದೂ ಮುಚ್ಚಿಡಾಕ ಆಗೂದಿಲ್ಲ" ಎಂದನು ಅಣ್ಣ.

ಗೋದಿ ಬೀಸಿದ ಕಲ್ಲನ್ನು ಹಿತ್ತಲಿಗೆ ಹಾಕಿಸಿ ಹೊಸ ಬೀಸುಕಲ್ಲು ತಂದರು. ಮನೆಯಲ್ಲಿ ಗೋದಿ ಉಳಿದದ್ದು ಒಂದೇ ಕಡೆ, ದೇವರ ಗೂಡಿನಲ್ಲಿ, ಸಣ್ಣ ಕುಡಿಕೆಯಲ್ಲಿ. ಹಬ್ಬ ಹುಣ್ಣಿಮೆಗೆ ಹಿಟ್ಟಿನ ಆರತಿ ಮಾಡಲು ಅತ್ತೆ ಇಟ್ಟುಕೊಂಡದ್ದು. ಆ ಅತ್ತೆಯನ್ನು ಓಣಿಯೆಲ್ಲ ಆಯಿ ಎನ್ನುತ್ತಿತ್ತು. ಅದನ್ನು ಕಿತ್ತುಕೊಳ್ಳುವ ಧೈರ್ಯ ವೈನಿಗೂ ಆಗಲಿಲ್ಲ.

ಬೇಸಗೆಯಲ್ಲಿ ಓಣಿಯ ಹೆಂಗಸರೆಲ್ಲ ಒಟ್ಟು ಸೇರಿ ಶ್ಯಾವಿಗೆ ಹೊಸೆಯುವ ಕಾಲ. ಇವತ್ತು ಇವರ ಅಂಗಳ, ನಾಳೆ ಅವರ ಅಂಗಳ. ಆ ವರ್ಷ ವೈನಿ ಹೋಗಲಿಲ್ಲ, ಕರೆಯಲೂ ಇಲ್ಲ. ಗಾಳಿಯಲ್ಲಿ ಹಿಟ್ಟು ಹಾರುತ್ತದೆಂದು ಮಗಳನ್ನು ಒಳಗೆ ಕೂಡಿ, ಆ ಉರಿಬಿಸಿಲಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು ಕೂತರು. "ಗೋದಿ ಕಂಡ್ರ ದೆವ್ವ ಕಂಡಂಗ ಮಾಡ್ತಾಳ" ಎಂದು ಹೆಂಗಸರು ಬೇಕೆಂದೇ ಜೋರಾಗಿ ಅಂದರು. ನಾನು ಇದನ್ನು ತಲುಪಿಸಿದೆ, ಇಷ್ಟು ಅಂಜುವುದು ವಿವೇಕವಲ್ಲ ಎಂಬ ಟಿಪ್ಪಣಿಯ ಸಮೇತ.

"ಅಂಜಿಕಿ ಅನ್ನೂದು ಮನಿ ಕಾಯೂ ನಾಯಿ ಇದ್ದಂಗ ವಕೀಲರ" ಎಂದರು ವೈನಿ. "ಎಲಿ ಅಲಗಿದ್ರೂ ಬೊಗಳತೈತಿ. ಹಂಗಂತ ಬಾಯಿ ಕಟ್ಟಿ ಮಲಗಿಸಬಾರದು. ಕಳ್ಳ ಬರೂದು ಒಂದ ಸಲ."

ಅಂಜಿಕೆ ಅವರ ಮೈಯಲ್ಲೇ ಇತ್ತು. ಬಾಗಿಲಿಗೆ ಬೆನ್ನು ಮಾಡಿ ಎಂದೂ ಕೂರುತ್ತಿರಲಿಲ್ಲ. ಯಾರಾದರೂ ಹುಡುಗಿಯ ಕೆನ್ನೆ ಮುಟ್ಟಿದರೆ ಮೊದಲು ಅವರ ಬೆರಳು ನೋಡುವರು. ಹುಡುಗಿ ಓಣಿಯಿಂದ ಒಳಗೆ ಬಂದರೆ ಬಾಯಿ ಬಿಡಿಸಿ ಮೂಸುವರು. ಹೀಗೆ ಮೂಸುವಾಗ ಅವರ ಕಣ್ಣು ಮುಚ್ಚಿರುತ್ತಿತ್ತು.

ಶ್ರಾವಣದಲ್ಲಿ ಮಠದ ಪ್ರಸಾದದ ಊಟ ಬಂತು, ಊರೆಲ್ಲ ಮಠದಲ್ಲಿ ಸಾಲಾಗಿ ಕೂತು ಉಣ್ಣುವುದು. ನಮ್ಮಲ್ಲಿ ಆವತ್ತು ಗೋದಿಯ ಹುಗ್ಗಿ. ತಟ್ಟೆಗೆ ಬಿದ್ದ ಪ್ರಸಾದವನ್ನು ಒಂದು ಅಗುಳೂ ಬಿಡುವಂತಿಲ್ಲ. ಉಂಡ ತಟ್ಟೆ ತೊಳೆದ ನೀರನ್ನೂ ಕುಡಿಯುವ ಜನ ನಾವು. ವೈನಿ ಮಗಳನ್ನು ಮನೆಯಲ್ಲಿ ಬಿಟ್ಟು ಬರಬೇಕೆಂದಿದ್ದರು, ಆಯಿ ಕಂಕುಳಲ್ಲಿ ಎತ್ತಿಕೊಂಡು ಬಂದೇಬಿಟ್ಟಳು. ಬೇಡ ಎನ್ನುವಷ್ಟರಲ್ಲಿ ಮಠದ ಅಯ್ಯನವರ ಕಡೆಯವನೊಬ್ಬ ಹುಡುಗಿಯ ತಟ್ಟೆಗೂ ಒಂದು ಸೌಟು ಹುಗ್ಗಿ ಬಡಿಸಿ ಮುಂದೆ ಹೋದನು.

"ತಿನಸ" ಎಂದಳು ಆಯಿ. "ಪ್ರಸಾದ ಎಂದಾರ ಕೇಡು ಮಾಡ್ತೈತೇನ?"

ವೈನಿ ಒಮ್ಮೆ ತಟ್ಟೆಯನ್ನು, ಒಮ್ಮೆ ಮಗಳನ್ನು ನೋಡುವುದನ್ನು ನಾನು ಎದುರು ಸಾಲಿನಿಂದ ಕಂಡೆ. ತಿನ್ನಿಸಿದರೆ ಡಾಕ್ಟರ ಮಾತು ಮೀರಿದಂತೆ, ಬಿಟ್ಟರೆ ಶಿವನ ಮಾತು. ಅವರು ಎರಡನ್ನೂ ನಂಬಿದವರು, ಆದ್ದರಿಂದ ಎರಡಕ್ಕೂ ಅಂಜಿದರು. ಒಂದನ್ನೂ ನಂಬದ ನನಗೆ ಅಂಜದಿರುವ ಅನುಕೂಲ ಇತ್ತು, ಅವರಿಗಿರಲಿಲ್ಲ.  ಆಮೇಲೆ ಮಗಳ ತಟ್ಟೆಯನ್ನು ತಮ್ಮ ಮುಂದೆ ಎಳೆದುಕೊಂಡು ಹುಗ್ಗಿಯನ್ನು ಪೂರ್ತಿ ಉಂಡರು, ತಟ್ಟೆ ತೊಳೆದು ಕುಡಿದರು.

"ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ನನ್ನ ಹೊಟ್ಟಿಗಿ ಬಿದ್ರ ಆಕಿ ಹೊಟ್ಟಿಗಿ ಬಿದ್ದಂಗ" ಎಂದರು ಅತ್ತೆಗೆ.

ಬರುವ ದಾರಿಯಲ್ಲಿ ನಾನು ಬಿಡಲಿಲ್ಲ. "ಒಬ್ಬರ ಪ್ರಸಾದ ಇನ್ನೊಬ್ಬರು ಉಂಡ್ರ ಲೆಕ್ಕಕ್ಕ ಬರ್ತೈತೇನ್ರಿ ವೈನಿ? ಹಂಗಾದ್ರ ಒಬ್ಬರ ಹಸಿವಿಗಿ ಇನ್ನೊಬ್ಬರು ಉಣಬಹುದು."

"ಬರಂಗಿಲ್ಲ ಅಂತ ಎಲ್ಲಿ ಐತಿ? ತೋರಸ್ರಿ."

"ಬರ್ತೈತಿ ಅನ್ನವರು ತೋರಸಬೇಕು. ಅದು ವಾದದ ನಿಯಮ."

"ನಿಮ್ಮ ನಿಯಮ ಸಾಂಗಲ್ಯಾಗ ಇಟ್ಟು ಬರ್ರಿ. ಇಲ್ಲಿ ಅನುಮಾನ ಇದ್ದವರು ತೋರಸಬೇಕು."

ಅಷ್ಟರಲ್ಲಿ ಹುಡುಗಿ ನಮ್ಮ ಮುಂದೆ ಓಡಿ ಹೋದಳು. ಓಡಿದಳು ಎಂಬುದನ್ನು ಗಮನಿಸಬೇಕು. ಹೊಟ್ಟೆ ಇಳಿದಿತ್ತು, ಕೆನ್ನೆ ತುಂಬುತ್ತಿತ್ತು, ಓಣಿಯ ಹುಡುಗರ ಜೊತೆ ಜಗಳ ಆಡುತ್ತಿದ್ದಳು. ನಾನು ನ್ಯಾಯವಾಗಿ ಒಪ್ಪಿಕೊಂಡೆ. "ವೈನಿ, ಡಾಕ್ಟರು ಗೆದ್ದಂಗ ಕಾಣತೈತಿ. ಖುಷಿ ಪಡ್ರಿ ಇನ್ನ."

ಅವರು ನಿಂತರು. ಮಗಳು ಮುಂದೆ ದೂರ ಹೋಗುವ ತನಕ ನಿಂತಿದ್ದು ಮೆಲ್ಲಗೆ ಕೇಳಿದರು.

"ಗೋದಿನ ಖರೇ ಕಾರಣ ಅಂದ್ರ... ಆ ಇಬ್ಬರಿಗೂ ಉಣಿಸಿದಾಕಿ ಯಾರು?"

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

"ಸಣ್ಣಾಂವ ಒಲ್ಲೆ ಒಲ್ಲೆ ಅಂತ ಮಾರಿ ಹೊಳ್ಳಿಸ್ತಿದ್ದ. ಮೂಗು ಹಿಡದು ಗಂಜಿ ಹಾಕೀನಿ. ಈ ಕೈಲೆ. ನಿಮಗ ಪುರಾವೆ ಬೇಕು ವಕೀಲರ. ನನಗ ಬ್ಯಾಡ. ಈಕಿ ಬದುಕ್ಲಿ, ಆದ್ರ ಯಾತರಿಂದ ಬದುಕಿದ್ಳು ಅಂತ ನನಗ ಯಾರೂ ಹೇಳಬ್ಯಾಡ್ರಿ."

ಸ್ಪರ್ಧೆಗಳಲ್ಲಿ ಇಂಥ ಮಾತಿಗೆ ಉತ್ತರಿಸಲು ಯಾರೂ ಕಲಿಸುವುದಿಲ್ಲ. ತಿಳಿಯದೆ ಮಾಡಿದ್ದು ತಪ್ಪಲ್ಲ ಎಂದು ತರ್ಕ ಹೇಳುತ್ತದೆ. ಹೇಳಿದೆ. ತರ್ಕ ಸರಿಯಾಗಿತ್ತು. ಅದರಿಂದ ಅವರಿಗೆ ಏನೂ ಆಗಲಿಲ್ಲ.

ದೀಪಾವಳಿ ರಜೆಗೆ ಬಂದಾಗ ಹುಡುಗಿ ಮತ್ತೆ ಮಲಗಿದ್ದಳು. ಅದೇ ಹೊಟ್ಟೆ, ಅದೇ ಭೇದಿ. ವೈನಿಯ ಮುಖ ನೋಡಲಾಗುತ್ತಿರಲಿಲ್ಲ. "ಯಾರ ಮನ್ಯಾಗ ಏನ ತಿಂದಿ? ಹೇಳ! ಹೇಳ ನಿಮ್ಮವ್ವಗ!" ಎಂದು ಹುಡುಗಿಯ ಭುಜ ಹಿಡಿದು ಅಲುಗಾಡಿಸಿದರು. ಒಂದು ಏಟನ್ನೂ ಕೊಟ್ಟರು. ಹುಡುಗಿ "ಏನೂ ತಿಂದಿಲ್ಲವ್ವಾ, ರೊಟ್ಟಿನ ತಿಂದೀನಿ, ಆಯಿ ಮಾಡಿದ್ದು ರೊಟ್ಟಿನ" ಎಂದು ಬಿಕ್ಕಿದಳು. ಓಣಿಯ ಎಲ್ಲ ಮನೆಗೂ ಹೋಗಿ ಕೇಳಿದರು, ಶ್ಯಾವಿಗೆಯ ದಿನ ಆಡಿಕೊಂಡವರ ಮನೆಗಳಿಗೂ. ಯಾರೂ ಏನೂ ಕೊಟ್ಟಿರಲಿಲ್ಲ. ಬಾವಿಯ ನೀರಿನ ಮೇಲೆ, ಹೊಸ ಕಲ್ಲಿನ ಮೇಲೆ, ಎಮ್ಮೆಯ ಹಾಲಿನ ಮೇಲೆ ಅನುಮಾನ ಬಂದು ಹೋಯಿತು.

ಆ ದಿನ ಊಟದ ಹೊತ್ತಿಗೆ ಅಣ್ಣ ಅಂಗಡಿಯಿಂದ ಬಂದು ಪಡಸಾಲೆಯಲ್ಲಿ ಕೂತನು. ಒಳ್ಳೆಯ ಮನುಷ್ಯ, ಅಂಜಿ ಹೋಗಿದ್ದನು.

"ಡಾಕ್ಟರ್ ಮಾತ ಕೇಳಿ ಆತು. ಹುಡುಗಿ ಬಿದ್ದಳು. ನಾಳಿಂದ ಗೋದಿ ಗಂಜಿ ಸುರು ಮಾಡ್ರಿ. ಹೊಟ್ಟಿಗಿ ಹಗುರಾನದು ಏನರ ಬೀಳಲಿ."

ವೈನಿ ನನ್ನ ಕಡೆ ನೋಡಿದರು. ನಾನು ತಿಳಿದಂತೆ ಹೇಳಿದೆ: ಗೋದಿ ಕಾರಣವಾದರೆ ಗೋದಿ ಇಲ್ಲದಾಗ ರೋಗ ಬರಬಾರದು. ಈಗ ಗೋದಿ ಇಲ್ಲ, ರೋಗ ಐತಿ. ಹಂಗಾದರೆ ಗೋದಿ ಕಾರಣ ಅಲ್ಲ. ಈ ಮಾತಿನಲ್ಲಿ ಈಗಲೂ ನನಗೆ ದೋಷ ಕಾಣುವುದಿಲ್ಲ, ಒಂದೇ ಒಂದು ಶಬ್ದ ಬಿಟ್ಟರೆ. "ಗೋದಿ ಇಲ್ಲ" ಎಂಬುದನ್ನು ನಾನು ನೋಡಿರಲಿಲ್ಲ, ನಂಬಿದ್ದೆ.

ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ಮನೆಯಲ್ಲಿ ಮತ್ತೆಲ್ಲ ಕೆಲಸ ಸೊಸೆಗೆ ಬಂದಿತ್ತು, ರೊಟ್ಟಿಯ ಮುಂದಿನ ಮಣೆ ಮಾತ್ರ ಅತ್ತೆಯದು. ಕಾಗದದಂಥ ರೊಟ್ಟಿ. ಬಾಲಗಾಂವದ ಬೀಗರು ಬಂದರೆ ಹೋಳಿಗೆ ಬಿಟ್ಟು ಆಯಿಯ ರೊಟ್ಟಿ ಬೇಡುತ್ತಿದ್ದರು. ಹುಡುಗಿಗೆಂದು ತೆಗೆದಿಟ್ಟ ರೊಟ್ಟಿಯೊಂದು ಬುಟ್ಟಿಯ ಅಂಚಿನಲ್ಲಿ ಬೆಳಗಿನಿಂದ ಹಾಗೇ ಆರಿ ಬಿದ್ದಿತ್ತು. ವೈನಿ ಅದನ್ನು ಎತ್ತಿಕೊಂಡರು, ಮಾತಾಡುತ್ತ ಕೈಗೆ ಸುಮ್ಮನೆ ಏನಾದರೂ ಬೇಕಿರುತ್ತದಲ್ಲ, ಹಾಗೆ. ಮಡಚಿದರು.

ರೊಟ್ಟಿ ಮಡಚಿತು.

ಇದರ ಅರ್ಥ ನಮ್ಮ ಕಡೆಯ ಯಾವ ಹೆಂಗಸಿಗೂ ಹೇಳಬೇಕಾಗಿಲ್ಲ. ಬಿಸಿ ಇದ್ದಾಗ ಜೋಳದ ರೊಟ್ಟಿ ಹೇಗೆ ಬೇಕಾದರೂ ಮಣಿಯುತ್ತದೆ. ಕುದಿನೀರು ಕೊಟ್ಟ ಜಿಗಿ ಅದು, ಆರಿದರೆ ಹೋಗುತ್ತದೆ. ಆರಿದ ರೊಟ್ಟಿ ಮಡಚಿದರೆ ಟಕ್ ಎಂದು ಮುರಿಯಬೇಕು. ಅದರಲ್ಲೂ ಅದು ಹೋದ ಸುಗ್ಗಿಯ ಜೋಳ, ಹಗೆಯಿಂದ, ಅಂದರೆ ನೆಲದಡಿಯ ಕಣಜದಿಂದ ತೆಗೆದದ್ದು. ಆ ಕಾಲದಲ್ಲಿ ಕಾಳು ಹಳತಾಗಿ ಬಿಸಿ ರೊಟ್ಟಿಯ ಅಂಚೂ ಸೀಳುತ್ತದೆ. ನಮ್ಮ ಮನೆಯಲ್ಲಿ ಅವ್ವ ಆ ತಿಂಗಳೆಲ್ಲ ಒಡೆದ ರೊಟ್ಟಿ ಬಡಿಯುತ್ತ ಹಗೆಗೆ ಶಾಪ ಹಾಕುತ್ತಿದ್ದಳು. ಎದುರು ಮನೆಯಲ್ಲಿ ಮಾತ್ರ ಆಯಿಯ ರೊಟ್ಟಿ ಚಂದ್ರನಂತೆ ದುಂಡಗೆ, ಒಂದು ಸೀಳಿಲ್ಲದೆ ಏಳುತ್ತಿತ್ತು.

ವೈನಿ ಮತ್ತೊಮ್ಮೆ ಮಡಚಿದರು. ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ. ಸದ್ದಿಲ್ಲ. ಅವರ ಮುಖದಿಂದ ರಕ್ತವೆಲ್ಲ ಇಳಿದು ಹೋಯಿತು. ಒಲೆಯ ಹತ್ತಿರ ಹೋಗಿ ಅತ್ತೆಯ ಪಕ್ಕದಲ್ಲಿ ಕೂತರು.

"ಅತ್ತಿ, ಹಿಟ್ಟಿನ್ಯಾಗ ಏನ ಹಾಕೀರಿ?"

ಆಯಿಯ ಕೈ ನಿಂತಿತು. ಆಗ ನೋಡಿದೆ, ಆ ಕೈ ಸುಮ್ಮನಿದ್ದಾಗಲೂ ನಡುಗುತ್ತಿತ್ತು.

"ಒಂದ ಹಿಡಿ ಅಷ್ಟ" ಎಂದಳು. "ದೇವರ ಕುಡಿಕ್ಯಾಗಿನ ಗೋದಿ ಹಿಟ್ಟು. ಕೈಯಾಗ ತ್ರಾಣ ಇಲ್ಲವಾ. ತಟ್ಟಿದ್ದು ತಟ್ಟಿದಂಗ ಒಡೀತೈತಿ. ಮಂದಿ ಮುಂದ ಒಡದ ರೊಟ್ಟಿ ಹೆಂಗ ಇಡ್ಲಿ ಅಂತ..." ಅಷ್ಟು ಹೇಳಿದ ಮೇಲೆ ಅವಳಿಗೆ ತಾನು ಏನು ಹೇಳಿದೆನೆಂಬುದು ತಿಳಿಯಿತು. ಒಳಗೆ ಮಲಗಿದ್ದ ಮೊಮ್ಮಗಳ ಕಡೆ ನೋಡಿದಳು. "ನಾನ ಹಾಕಿದೆನೇನ ಆಕಿಗಿ? ನನ್ನ ಕೈಲೆನ?"

ಇಲ್ಲಿಗೆ ನನಗೆ ಬೇಕಾಗಿದ್ದ ಪುರಾವೆ ಸಿಕ್ಕಿತು. ಬಿಟ್ಟಾಗ ಚೇತರಿಕೆ, ಗೊತ್ತಿಲ್ಲದೆ ಕೊಟ್ಟಾಗ ರೋಗ. ಕಾಲೇಜಿನಲ್ಲಿ ಇದಕ್ಕಿಂತ ಚೊಕ್ಕ ಉದಾಹರಣೆಯನ್ನು ಯಾರೂ ಕೊಟ್ಟಿರಲಿಲ್ಲ. ಮಗಳು ಉಳಿಯುವ ದಾರಿ ತೆರೆದ ಆ ಪುರಾವೆಯೇ ಸತ್ತ ಇಬ್ಬರ ಮೇಲಿನ ತೀರ್ಪು ಕೂಡ ಎಂಬುದು ಗೊತ್ತಿದ್ದವರು ಅಲ್ಲಿ ಇಬ್ಬರೇ, ವೈನಿ ಮತ್ತು ನಾನು. ನಾನು ಅವರ ಮುಖ ನೋಡಲಿಲ್ಲ. ಅಂಜಿಕೆಯಾಯಿತು.

ವೈನಿ ಅತ್ತೆಯ ನಡುಗುವ ಕೈಯನ್ನು ಹಿಟ್ಟಿನ ಸಮೇತ ಹಿಡಿದುಕೊಂಡರು.

"ಇಲ್ರಿ ಅತ್ತಿ. ಗೊತ್ತಿಲ್ದ ಉಣಿಸಿದ್ದು ಉಣಿಸಿದಂಗ ಅಲ್ಲ" ಎಂದರು. ದಾರಿಯಲ್ಲಿ ನಾನು ಹೇಳಿ ಅವರು ಒಪ್ಪದ ಮಾತು. ತಮಗೆ ಒಪ್ಪದ್ದನ್ನು ಅತ್ತೆಗೆ ಕೊಟ್ಟರು. "ನನ್ನ ಹಂಚಿನ ಮುಂದ ಬಿಡ್ರಿ ಇನ್ನ. ನಮ್ಮ ಮನ್ಯಾಗ ಒಡದ ರೊಟ್ಟಿನ ಚಲೋ."

ಪಡಸಾಲೆಯಲ್ಲಿದ್ದ ಗಂಡನಿಗೆ ಅವರು ಹೇಳಿದ್ದು ಬೇರೆ. ಬೀಸುಕಲ್ಲಿನ ದೋಷ, ಕಲ್ಲಿನ ಹಲ್ಲಲ್ಲಿ ಗೋದಿ ಸಿಕ್ಕಿತ್ತು, ಗಂಜಿ ಬ್ಯಾಡ. ಏನೂ ತಪ್ಪು ಮಾಡದ ಆ ಹೊಸ ಕಲ್ಲು ಸಾಕ್ಷಿಗೆಂದು ಹಿತ್ತಲಿಗೆ ಹೋಗಿ ಬಿತ್ತು. ನನ್ನನ್ನು ಬಾಗಿಲ ತನಕ ಕಳಿಸಲು ಬಂದವರು, "ವಕೀಲರ, ಇದೊಂದು ಖಟ್ಲೆ ನೀವು ನಡಸಬ್ಯಾಡ್ರಿ" ಎಂದರು. ಇಷ್ಟು ವರ್ಷ ನಡೆಸಿರಲಿಲ್ಲ. ಆಯಿ ಹೋಗಿ ಬಹಳ ದಿನವಾಯಿತು, ಈಗ ವೈನಿಯೂ ಇಲ್ಲ.

ಹುಡುಗಿ ಮತ್ತೆ ಎದ್ದಳು, ಬೆಳೆದಳು. ಆವತ್ತಿನಿಂದ ಅವಳು ಬಿಸಿ ರೊಟ್ಟಿ ತಿನ್ನಲಿಲ್ಲ. ಒಲೆಯ ಮುಂದೆ ಕೂತು ಹಂಚಿನಿಂದ ಇಳಿದ ರೊಟ್ಟಿಗೆ ಬೆಣ್ಣೆ ಹಚ್ಚಿ ತಿನ್ನುವ ಸುಖ ನಮ್ಮ ಕಡೆಯ ಕೂಲಿಯವರ ಮಕ್ಕಳಿಗೂ ಇದೆ. ಅಡತಿ ಅಂಗಡಿಯ ಮಗಳಿಗೆ ಇರಲಿಲ್ಲ. ವೈನಿ ತಾವೇ ಬಡಿದ ರೊಟ್ಟಿಯನ್ನೂ ಆರಲು ಇಡುವರು. ಆಮೇಲೆ ಕಿವಿಯ ಹತ್ತಿರ ಹಿಡಿದು ಮಡಚುವರು. ಟಕ್ ಎಂದರೆ ಮಗಳ ತಟ್ಟೆಗೆ.

"ನಿಮ್ಮ ಕೈಲೆ ಮಾಡಿದ್ದು ನಿಮಗ ಗೊತ್ತಿಲ್ಲೇನ್ರಿ ವೈನಿ? ಯಾಕ ಮುರದು ನೋಡ್ತೀರಿ?" ಎಂದು ಒಮ್ಮೆ ಕೇಳಿದೆ.

"ನನ್ನ ಕೈನ ನಾ ನಂಬೂದಿಲ್ಲ" ಎಂದರು. 

ಹೋದ ತಿಂಗಳು ನಾನು ಕಾಯಿದೆಯ ಪರೀಕ್ಷೆ ಮುಗಿಸಿ ಊರಿಗೆ ಬರುವ ಹೊತ್ತಿಗೆ ವೈನಿಯ ಮಣ್ಣು ಆಗಿತ್ತು. ಅವರು ಇಟ್ಟ ವಕೀಲನೆಂಬ ಹೆಸರು ಖರೇ ಆಗುವ ಕಾಲಕ್ಕೆ ಕರೆಯುವವರು ಇರಲಿಲ್ಲ. ತೀರಿಹೋದವರ ಹೆಸರಿನ ದಿನದ ಊಟಕ್ಕೆ ಮಠದ ಅಯ್ಯನವರು ಬಂದರು, ಓಣಿಯ ಹೆಂಗಸರೇ ಕೂಡಿ ಅಡುಗೆ ಮಾಡಿದ್ದರು. ಹುಡುಗಿ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಕೂತಳು. ಈಗ ಸಾಲೆಗೆ ಹೋಗುವ ಹುಡುಗಿ, ಎರಡು ಜಡೆ. ಹುಗ್ಗಿ ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಬಡಿಸುವವನು ಮುಂದೆ ಹೋದನು. ತಾಯಿ ಇಲ್ಲದ ಮಗುವೆಂದು ಒಬ್ಬ ಅಜ್ಜಿ ಮರುಗಿ, ಬಿಸಿ ರೊಟ್ಟಿಯೊಂದನ್ನು ತಾನೇ ತಂದು ಅವಳ ತಟ್ಟೆಗೆ ಹಾಕಿದಳು. ದುಂಡನೆಯ, ಸೀಳಿಲ್ಲದ ರೊಟ್ಟಿ.

"ಉಣ್ಣವಾ, ಆರಿ ಹೋಗ್ತೈತಿ."

"ಆರಲಿ" ಎಂದಳು ಹುಡುಗಿ.

ಸಾಲೆಲ್ಲ ಉಣ್ಣತೊಡಗಿತು. ಅವಳು ಕೈ ಮಡಿಲಲ್ಲಿಟ್ಟು ರೊಟ್ಟಿ ನೋಡುತ್ತ ಕೂತಳು. ನನಗೂ ತುತ್ತು ಎತ್ತಲಾಗಲಿಲ್ಲ. ಅದು ಹಗೆಯ ಜೋಳದ ಕಾಲ. ಮಂದಿಗೆ ಬಡಿಸುವ ರೊಟ್ಟಿ ಒಡೆಯಬಾರದೆಂದು ಯಾವ ಒಳ್ಳೆಯ ಕೈ ಏನು ಬೆರೆಸಿತ್ತೋ. ರೊಟ್ಟಿ ಆರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ತಿಳಿದದ್ದು ಆವತ್ತು. ಕಡೆಗೆ ಅವಳು ಎತ್ತಿಕೊಂಡು, ತಲೆ ಬಾಗಿಸಿ ಕಿವಿಯ ಹತ್ತಿರ ಹಿಡಿದಳು. ಕಣ್ಣು ಮುಚ್ಚಿದಳು. ಮಡಚಿದಳು.

"ಕಾಕಾ, ಮುರೀವಲ್ದು" ಎಂದಳು, ನನಗಷ್ಟೇ ಕೇಳುವಂತೆ.

ಮತ್ತೆ ತಟ್ಟೆಯಲ್ಲಿಟ್ಟಳು. ಅಯ್ಯನವರ ಸಾಲಿನ ಹಿರಿಯರೊಬ್ಬರು ನೋಡಿಬಿಟ್ಟರು. "ಯಾಕವಾ, ತಟ್ಟ್ಯಾಗಿನ ಪ್ರಸಾದ ಬಿಡಬಾರದು. ನಿಮ್ಮವ್ವನ ದಿನದ ಊಟ ಇದು" ಎಂದರು. ಸಾಲಿನ ಕಣ್ಣೆಲ್ಲ ಅವಳ ಮೇಲೆ ಬಿತ್ತು. ಅವಳ ಕೈ ತಟ್ಟೆಗೆ ಹೋಗಲಿಲ್ಲ.

ನಾನು ಅವಳ ತಟ್ಟೆಯನ್ನು ನನ್ನ ಮುಂದೆ ಎಳೆದುಕೊಂಡೆ. ರೊಟ್ಟಿಯನ್ನು ಪೂರ್ತಿ ತಿಂದೆ. ತಟ್ಟೆಗೆ ನೀರು ಹಾಕಿ ತೊಳೆದು ಕುಡಿದೆ.

ಹಿರಿಯರು ನಕ್ಕರು. ನನ್ನ ನಂಬಿಕೆ ಎಂಥದೆಂದು ಅವರಿಗೆ ಗೊತ್ತಿತ್ತು. "ಏನ್ರಿ ವಕೀಲರ, ಒಬ್ಬರ ಪ್ರಸಾದ ಇನ್ನೊಬ್ಬರು ಉಂಡ್ರ ಲೆಕ್ಕಕ್ಕ ಬರ್ತೈತೇನು?"

"ಬರಂಗಿಲ್ಲ ಅಂತ ಎಲ್ಲಿ ಐತಿ?" ಎಂದೆ. "ತೋರಸ್ರಿ."